ಕಡ್ಡಿಕೋಳಿಯೂ ಗುಡ್ಡೆಪಾಲೂ

ಮುರುಗಮಲ್ಲ,
೨೦೨೫ರ ಏಪ್ರಿಲ್ ೧೭, ಗುರುವಾರ

ಚೈತನ್ಯನ ಅಪ್ಪನವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದುಹಾಕಿದ್ದೇನೆ. ಕಾಟು ಕಾಣಿಸಿದರೆ ಕಾಣಿಸಲಿ, ಇನ್ನೊಂದು ಹಾಳೆ ಹುಡುಕುವ ವ್ಯವಧಾನ ನನಗಿಲ್ಲ. ಹೇಗಿದ್ದೀರಿ? ಮೆಟ್ಟಿಲು ಹತ್ತಿದರೆ ಎದೆಯ ಎಡಗಡೆ ಹಿಡಿದ ಹಾಗಾಗುತ್ತದೆ ಅನ್ನುತ್ತಿದ್ದಿರಿ, ಈಗ ಹೇಗಿದೆ? ಬೆಳಗಿನ ಮಾತ್ರೆ ಬೆಳಿಗ್ಗೆಯೇ ತೆಗೆದುಕೊಳ್ಳಬೇಕು, ರಾತ್ರಿಯದು ರಾತ್ರಿಗೇ. ನಿಮ್ಮ ಅಕ್ಕ ಅಮ್ಮಾಜಮ್ಮನವರು ಎರಡನ್ನೂ ಒಟ್ಟಿಗೆ ಅಂಗೈಗೆ ಹಾಕಿ ಕೆಲಸ ಮುಗಿಯಿತು ಅನ್ನುವ ಪೈಕಿ, ಅದಕ್ಕೇ ಹೇಳುತ್ತಿದ್ದೇನೆ. ನೀವು ಹೊರಟ ದಿನ ಕಿಟಕಿ ಮೇಲೇ ಬಿಟ್ಟುಹೋದ ಮಾತ್ರೆಗಳನ್ನು ಮಾರನೆಯ ದಿನವೇ ಚೈತನ್ಯನ ಕೈಲಿ ಕಳಿಸಿದ್ದೆ. ಈಗ ಮುಗಿಯುತ್ತಾ ಬಂದಿರುತ್ತವೆ, ಇನ್ನಷ್ಟು ಕಳಿಸಿದ್ದೇನೆ. ವಾಕಿಂಗ್ ಹೋಗುವುದಾದರೆ ಪೆರೇಸಂದ್ರದ ಹೈವೇ ಪಕ್ಕ ಹೋಗಬೇಡಿ, ಲಾರಿಗಳು ಬೆಳಗಿನ ಜಾವದಲ್ಲಿ ಯಮನ ಹಾಗೆ ಬರುತ್ತವೆ. ಫೋನು ಮಾಡಿ ಕೇಳೋಣವೆಂದರೆ ನೀವು ಎತ್ತುವುದಿಲ್ಲ. ಮಗನ ಫೋನಿನಿಂದ ಮಾಡಿದಾಗ ನನ್ನ ದನಿ ಕೇಳುತ್ತಲೇ ಕಟ್ ಮಾಡಿದಿರಿ. ಕಾಗದವನ್ನು ಹಾಗೆ ಕಟ್ ಮಾಡುವುದಕ್ಕಾಗುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವ ಮುಂಚೆ ಕೊನೆಯವರೆಗೂ ಓದಿ.

ಇಲ್ಲಿ ರೇಷ್ಮೆಹುಳ ಮೂರನೇ ಜ್ವರ ಎದ್ದಿವೆ, ಪೊರೆ ಕಳಚಿ ಸೊಪ್ಪಿಗೆ ಬಾಯಿ ಬಿಡುತ್ತಿವೆ. ಚೈತನ್ಯ ಚಿಂತಾಮಣಿಯ ಡೇರಿ ಕೆಲಸ ಮುಗಿಸಿಕೊಂಡು ಬಂದು ಸಂಜೆ ಒಂದು ಹೊರೆ ಕೊಯ್ದುಕೊಡುತ್ತಾನೆ, ಮಿಕ್ಕಿದ್ದೆಲ್ಲ ನನ್ನ ಪಾಲಿಗೆ. ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರ್ಕೆಟ್ಟಿಗೂ ಈ ಸಲ ನಾನೇ ಹೋಗಬೇಕಾಗುತ್ತದೆ. ಹೋಗುತ್ತೇನೆ ಬಿಡಿ, ಅಲ್ಲೇನು ಹುಲಿ ಇಲ್ಲ. ಹಸು ಮಾತ್ರ ನಿಮ್ಮ ಸ್ಕೂಟರಿನಂಥ ಶಬ್ದ ಕೇಳಿದಾಗಲೆಲ್ಲ ಕೊಟ್ಟಿಗೆಯಿಂದ ಕತ್ತು ಹೊರಗೆ ಹಾಕುತ್ತದೆ. ನಾನು ಹಾಕುವುದಿಲ್ಲ.

ಹೆಂಗಸರು ಮುನಿಸಿಕೊಂಡು ತವರಿಗೆ ಹೋಗುವುದನ್ನು ನೋಡಿದ್ದೇನೆ. ನಾನೇ ಮದುವೆಯಾದ ಹೊಸದರಲ್ಲಿ ಒಮ್ಮೆ ಗೌರಿಬಿದನೂರಿನ ಬಸ್ಸು ಹತ್ತಿದ್ದೆ, ನಮ್ಮಪ್ಪ ಕಾಫಿ ಕುಡಿಸಿ ಸಂಜೆ ಬಸ್ಸಿಗೇ ವಾಪಸು ಕರೆತಂದು ಬಿಟ್ಟರು. ಮೀಸೆ ನರೆತ ಗಂಡಸು ಮುನಿಸಿಕೊಂಡು ಅಕ್ಕನ ಮನೆ ಸೇರುವುದನ್ನು ಮಾತ್ರ ಈಗಲೇ ನೋಡುತ್ತಿರುವುದು. ಸೇರಿದ್ದು ಸಾಲದು ಅಂತ ಅವರು ನಿಮ್ಮ ಫೋಟೋ ತೆಗೆದು ಸ್ಟೇಟಸ್ ಹಾಕುತ್ತಾರೆ. ನೀವು ಚಾಪೆ ಮೇಲೆ ಕೂತಿದ್ದೀರಿ, ಮುಂದೆ ಮುದ್ದೆ, ತಲೆಕಾಲು ಸಾರು, ಸಾರಿನ ಮೇಲೆ ತೇಲುವ ಕೊಬ್ಬು ಫೋಟೋದಲ್ಲೂ ಹೊಳೆಯುತ್ತಿದೆ. ಕೆಳಗೆ ‘ನನ್ ತಮ್ಮ ಈಗ ಹೊಟ್ಟೆ ತುಂಬಾ ಉಣ್ತಾವ್ನೆ’ ಅಂತ ಬರೆದು ಕೈಮುಗಿಯುವ ಗುರುತು ಬೇರೆ. ಇಲ್ಲಿ ನೀವು ಉಪವಾಸ ಬಿದ್ದಿದ್ದಿರಿ ಅಂತ ಊರೆಲ್ಲ ತಿಳಿಯಲಿ ಅಂತಲೇ ಹಾಕಿದ್ದಾರೆ. ಊರಿನವರು ನೋಡಿದ್ದೂ ಆಯಿತು, ನನಗೆ ಬಂದು ತೋರಿಸಿದ್ದೂ ಆಯಿತು. ನಾನು ನಕ್ಕು ಒಳಗೆ ಬಂದು, ಆ ಸಾರನ್ನೇ ನೆನೆದು ಅತ್ತೆ. ನಿಮಗಾಗಿ ಅಂದುಕೊಳ್ಳಬೇಡಿ, ಸಿಟ್ಟಿಗೆ.

ನೀವು ಮರೆತಿದ್ದೀರಿ, ನಾನು ಮರೆತಿಲ್ಲ. ಕಾರ್ತಿಕದಲ್ಲಿ ಹುಳದ ಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸಿ ‘ಯಾಕೋ ಬೆವರ್ತಾ ಐತಲ್ಲೇ’ ಅಂತ ಅಲ್ಲೇ ಕುಸಿದಿರಿ. ಆ ಹೊತ್ತಿಗೆ ಸಿಕ್ಕಿದ್ದು ಟೊಮೆಟೊ ಟೆಂಪೋ. ಕ್ರೇಟುಗಳನ್ನು ದಾರಿ ಪಕ್ಕ ಇಳಿಸಿ ನಿಮ್ಮನ್ನು ಮಲಗಿಸಿಕೊಂಡು ಚಿಂತಾಮಣಿಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ. ದಾರಿಯುದ್ದಕ್ಕೂ ನಿಮ್ಮ ಅಂಗಿಯಲ್ಲಿ ಟೊಮೆಟೊ ವಾಸನೆ, ಇವತ್ತಿಗೂ ಸಾರಿಗೆ ಟೊಮೆಟೊ ಹೆಚ್ಚುವಾಗ ಕಿಟಕಿ ತೆರೆದಿಡುತ್ತೇನೆ. ಸ್ಟೆಂಟ್ ಹಾಕಿದ ಮೇಲೆ ಡಾಕ್ಟರು ಕುರಿ ಮಾಂಸ, ಕೊಬ್ಬು, ಕರಿದದ್ದು ಎಲ್ಲ ಬಿಡಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಇಲ್ಲಿಯವರೆಗೂ ಬರುತ್ತೀರೆಂಬ ನಂಬಿಕೆ ಇಲ್ಲ ಅಂದರು. ಆವತ್ತು ವಾರ್ಡಿನಲ್ಲಿ ನನ್ನ ಕೈ ಹಿಡಿದುಕೊಂಡು ನೀವು ಹೇಳಿದ ಮಾತು, ‘ಅನಸೂಯ, ಇನ್ಮೇಲೆ ನೀನೇನ್ ಹಾಕ್ತೀಯೋ ಅದೇ ಊಟ ಕಣೇ, ಮಣ್ಣು ಹಾಕಿದ್ರೂ ತಿಂತೀನಿ.’ ನಾನು ಮಣ್ಣು ಹಾಕಲಿಲ್ಲ, ಕೋಳಿ ಹಾಕಿದೆ. ಅದೇ ತಪ್ಪಾಯಿತು.

ಕಡ್ಡಿಕೋಳಿ ಅಂತ ಹೆಸರಿಟ್ಟವರು ನೀವೇ. ಚಿಕ್ಕಬಳ್ಳಾಪುರದ ಆ ಮದುವೆ ರಿಸೆಪ್ಷನ್ನಿನಲ್ಲಿ ಕೆಂಡದ ಮೇಲೆ ಕೋಳಿ ತುಂಡು ಚುಚ್ಚಿದ ಕಡ್ಡಿಗಳನ್ನು ಸುಟ್ಟು ಕೊಡುತ್ತಿದ್ದರು, ಬೋರ್ಡಿನಲ್ಲಿ ‘ಸಾಟೆ’ ಎಂದು ಬರೆದಿತ್ತು, ಮಲೇಷ್ಯಾ ಕಡೆಯ ತಿಂಡಿ ಅಂದ ಅಡುಗೆಯವನು. ನೀವು ಅದರ ಗೊಜ್ಜು ನೆಕ್ಕಿ, ‘ಇದು ನಮ್ ಕಡ್ಲೆಕಾಯ್ ಚಟ್ನಿ ಕಣೇ, ಯಾರೋ ಗೊತ್ತಿಲ್ದೆ ಬೆಲ್ಲ ಸುರ್ದವ್ರೆ’ ಅಂದಿರಿ. ಅಂದವರು ಅಲ್ಲಿಂದ ಕದಲಲಿಲ್ಲ. ಊಟದ ಪಂಕ್ತಿಗೆ ಕರೆದರೂ ಬರದೆ ನಿಂತೇ ತಿಂದಿರಿ, ನಿಮ್ಮ ತಟ್ಟೆಯ ಪಕ್ಕ ಬಿದ್ದ ಕಡ್ಡಿಗಳಲ್ಲಿ ಒಂದು ಪುಳ್ಳೆ ಹೊರೆ ಕಟ್ಟಬಹುದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ನೀವು ಸೊಪ್ಪಿನ ಸಾರು, ಓಟ್ಸು ನೋಡಿ ಮುಖ ತಿರುಗಿಸಿದಾಗ ನನಗೆ ಅದು ನೆನಪಿಗೆ ಬಂತು. ಇವರಿಗೆ ಬಾಯಿಗೆ ಹಿತವಾಗಿರಬೇಕು, ಎದೆಗೂ ಕೆಡುಕಾಗಬಾರದು, ಇದೊಂದನ್ನು ಮನೆಯಲ್ಲೇ ಮಾಡಬಹುದು ಅಂತ ಹೊರಟೆ.

ನೀವು ತಿಂದಿದ್ದು ಮಾತ್ರ ಗೊತ್ತು, ಮಾಡಿದ್ದು ಹೇಗೆಂದು ಒಂದು ದಿನವೂ ಕೇಳಲಿಲ್ಲ, ಈಗ ಕೇಳಿ. ಆ ಮದುವೆಯಲ್ಲಿ ಚರ್ಮದ ಸಮೇತ ತೊಡೆಯ ಮಾಂಸ, ಅದಕ್ಕೆ ತೆಂಗಿನಹಾಲು, ಸಕ್ಕರೆ, ಸುಡುವಾಗ ಮೇಲೆ ಎಣ್ಣೆ ಬಳಿದೂ ಬಳಿದೂ. ನಾನು ಚರ್ಮ ತೆಗೆಸಿ ಎದೆಯ ಭಾಗ ಮಾತ್ರ ತರಿಸಿದೆ. ಎದೆ ಮಾಂಸ ಒಣಕಲು, ಬರೀ ಸುಟ್ಟರೆ ದಾರದ ಹಾಗಾಗುತ್ತದೆ. ಅದಕ್ಕೆ ಕೆನೆ ತೆಗೆದ ಮೊಸರಿನಲ್ಲಿ ಅರಿಸಿನ, ಧನಿಯಾ, ಶುಂಠಿ, ಬೆಳ್ಳುಳ್ಳಿ, ನಿಂಬೆ ಎಲೆ ಅರೆದು ಹಾಕಿ ಬೆಳಗಿನಿಂದ ನೆನೆಸಿಟ್ಟೆ. ಉಪ್ಪು ಕಡಿಮೆ ಮಾಡಿ ನಿಂಬೆರಸ ಜಾಸ್ತಿ ಮಾಡಿದೆ. ಕಡಲೆಕಾಯಿ ನಮ್ಮ ಹೊಲದ್ದೇ. ಎಣ್ಣೆ ಇಲ್ಲದೆ ಹುರಿದು, ಸಿಪ್ಪೆ ಊದಿ, ಒಣಮೆಣಸಿನಕಾಯಿ, ಹುಣಿಸೆಹಣ್ಣು, ಚೂರೇ ಚೂರು ಬೆಲ್ಲ ಸೇರಿಸಿ ಒರಳಿನಲ್ಲಿ ತಿರುವಿದೆ. ತೆಂಗಿನಹಾಲಿನ ಬದಲು ಬಿಸಿನೀರು. ಇನ್ನು ಕಡ್ಡಿ. ಅಂಗಡಿಯ ಬಿದಿರು ಕಡ್ಡಿ ತಂದಿದ್ದೆ, ಸೀಳು ಬಿಟ್ಟು ನಿಮ್ಮ ನಾಲಿಗೆಗೆ ಚುಚ್ಚಿತು. ಆಗ ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ ಕಣ್ಣಿಗೆ ಬಿತ್ತು. ಹುಳಕ್ಕಾಗದ ಔಷಧಿಯನ್ನು ನಾವು ಆ ತೋಟಕ್ಕೆ ಹೊಡೆಯುವುದೇ ಇಲ್ಲವಲ್ಲ, ಹುಳ ತಿಂದು ಬದುಕಿದ್ದನ್ನು ನನ್ನ ಗಂಡ ತಿಂದರೂ ಬದುಕುತ್ತಾನೆ ಅಂದುಕೊಂಡೆ. ಸಿಪ್ಪೆ ಹೆರೆದು, ತುದಿ ಚೂಪು ಮಾಡಿ, ನೀರಲ್ಲಿ ನೆನೆಹಾಕಿ, ಕಬ್ಬಿಣದ ಕಾವಲಿ ಮೇಲೆ ಒಂದೇ ಚಮಚ ಎಣ್ಣೆಯಲ್ಲಿ ಎಲ್ಲ ಕಡ್ಡಿಗಳನ್ನೂ ತಿರುಗಿಸಿ ತಿರುಗಿಸಿ ಬೇಯಿಸಿದೆ. ಕಪ್ಪಾಗುವಷ್ಟು ಸುಡಲಿಲ್ಲ, ಸುಟ್ಟ ಕರಿಯೂ ಒಳ್ಳೆಯದಲ್ಲವಂತೆ. ಭಾನುವಾರ ಪೂರ್ತಿ ಅಡುಗೆಮನೆಯಲ್ಲೇ ಕಳೆದೆ. ನೀವು ತಿಂದು, ಬೆರಳು ನೆಕ್ಕಿ, ‘ಚೆನ್ನಾಗೈತೆ ಕಣೇ, ಆದ್ರೆ ಇದು ಊಟ ಅಲ್ಲ, ಔಷ್ದಿ’ ಅಂದಿರಿ.

ಔಷಧಿ ಅಂದರೂ ಪರವಾಗಿಲ್ಲ, ಒಳಗೆ ಹೋಯಿತಲ್ಲ ಅಂದುಕೊಂಡೆ. ಪ್ರತಿ ಭಾನುವಾರ ಮಾಡಿದೆ. ದೊಣ್ಣೆಮೆಣಸಿನಕಾಯಿ, ಈರುಳ್ಳಿ ನಡುನಡುವೆ ಚುಚ್ಚಿ ನೋಡಿದೆ, ಬಣ್ಣಕ್ಕಾದರೂ ಇಷ್ಟವಾಗಲಿ ಅಂತ. ನೀವು ತಿಂದು ಎದ್ದು, ಸಂಜೆ ‘ಸ್ವಲ್ಪ ಗಾಳಿ ಕುಡ್ಕೊಂಡು ಬರ್ತೀನಿ’ ಅಂತ ಸ್ಕೂಟರ್ ಹತ್ತುತ್ತಿದ್ದಿರಿ. ಗಾಳಿ ಎಲ್ಲಿ ಕುಡಿಯುತ್ತಿದ್ದಿರಿ ಎಂದು ಸಂಕ್ರಾಂತಿ ಕಳೆದ ಮೇಲೆ ಗೊತ್ತಾಯಿತು. ಸ್ಕೂಟರಿನ ಡಿಕ್ಕಿಯಲ್ಲಿ ಛತ್ರಿ ಹುಡುಕುತ್ತಿದ್ದಾಗ ದರ್ಗಾ ರಸ್ತೆ ಹೋಟೆಲಿನ ಪೊಟ್ಟಣ, ಅದರಲ್ಲಿ ಚೀಪಿಟ್ಟ ಕುರಿ ಮೂಳೆಗಳು. ಮನೆಯ ಹತ್ತಿರ ಬಿಸಾಕಿದರೆ ನಾಯಿ ನಮ್ಮ ಬಾಗಿಲಿಗೇ ತಂದು ಹಾಕುತ್ತದೆಂದು ಹೆದರಿ ಬಚ್ಚಿಟ್ಟಿರಬೇಕು. ಬೇರೆ ಹೆಂಗಸಿನ ಸೀರೆ ಸಿಕ್ಕಿದ್ದರೂ ನನಗೆ ಅಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ನಾನು ಮೂಳೆಗಳನ್ನು ಹೊರಗೆಸೆದು, ಡಿಕ್ಕಿ ಒರೆಸಿ, ನಿಮ್ಮನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ನಗಿಸಿ ಮಾತು ಮರೆಸುತ್ತಿದ್ದಿರಿ, ಅದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ಹೊಸತೊಡಕು ಬರಲಿ ಅಂತ ಕಾದೆ.

ಹೊಸತೊಡಕಿನ ಗುಡ್ಡೆ ನಿಮಗೆ ನಾನು ವಿವರಿಸಬೇಕಾಗಿಲ್ಲ. ಆದರೆ ನೀವು ಮರದ ಕೆಳಗಿಂದ ನೋಡಿದ್ದೀರಿ, ನಾನು ಅಡುಗೆಮನೆಯಿಂದ ಕೇಳಿದ್ದೇನೆ. ಯುಗಾದಿಯ ಮಾರನೆಯ ದಿನ ನಿಮ್ಮ ಅಣ್ಣತಮ್ಮಂದಿರೆಲ್ಲ ಸೇರಿ ಕುರಿ ತಂದು, ಹೊಂಗೆಮರದ ಕೆಳಗೆ ಟಾರ್ಪಾಲು ಹಾಸಿ, ಲಿವರ್, ಮೂಳೆ, ಕೊಬ್ಬು ಎಲ್ಲವನ್ನೂ ಸಮವಾಗಿ ಹಂಚಿ, ಮನೆಗೊಂದರಂತೆ ಗುಡ್ಡೆ ಇಡುತ್ತೀರಿ. ಆವಲಪ್ಪ ದೊಡ್ಡಮಾವ ಯಜಮಾನರು, ಅವರು ಒಂದೊಂದೇ ಹೆಸರು ಕೂಗುತ್ತಾರೆ. ಹೆಸರಿನವರು ‘ಓ’ ಅಂದು ಮುಂದೆ ಬಂದು ತಮ್ಮ ಗುಡ್ಡೆ ಪಾತ್ರೆಗೆ ತುಂಬಿಕೊಳ್ಳುತ್ತಾರೆ. ‘ರಮೇಶ್‌ಬಾಬು’ ಅಂದಾಗ ನೀವು ಹಾಕುವ ‘ಓ’ ನಮ್ಮ ಹಿತ್ತಲವರೆಗೂ ಕೇಳಿಸುತ್ತಿತ್ತು, ಮಸಾಲೆ ಅರೆಯಲು ಶುರುಮಾಡು ಅಂತ ನನಗದೇ ಸೂಚನೆ. ಈ ಸಲ ಹಬ್ಬಕ್ಕೆ ಮುಂಚೆಯೇ ನಾನು ಮಾವನವರಿಗೆ ಫೋನು ಮಾಡಿ ನಮ್ಮ ಮನೆಯ ಗುಡ್ಡೆ ಬೇಡ ಅಂದೆ. ‘ಏಮ್ಮಾ, ಬೇಡ ಅಂದ್ರೆ ಹೆಂಗೆ? ಗುಡ್ಡೆ ಅಂದ್ರೆ ಬರೀ ಬಾಡಲ್ಲಮ್ಮ’ ಅಂದರು. ಗೊತ್ತು ಮಾವ, ಆದರೂ ಬೇಡ ಅಂದೆ. ಅವನಿಗೆ ಹೇಳಿದ್ದೀಯಾ ಅಂತ ಕೇಳಿದರು, ಹೇಳುತ್ತೇನೆ ಅಂದೆ. ಹೇಳಲಿಲ್ಲ. ಹೇಳಿದ್ದರೆ ನೀವು ಆ ಗಳಿಗೆಯಲ್ಲೇ ಓಡಿಹೋಗಿ ಮತ್ತೆ ಸೇರಿಸಿ ಬರುತ್ತಿದ್ದಿರಿ.

ಆವತ್ತೇ ರಂಜಾನ್ ಕೂಡ ಬಂದಿತ್ತು. ದರ್ಗಾ ಕಡೆಯಿಂದಲೂ ನಮ್ಮ ಕೇರಿಯಿಂದಲೂ ಒಂದೇ ಮಸಾಲೆ ವಾಸನೆ. ಅಂಥ ದಿನ ನೀವು ಬೆಳಿಗ್ಗೆಯೇ ದೊಡ್ಡ ಮುಚ್ಚಳದ ಪಾತ್ರೆ ಹಿಡಿದು ಹೊರಟಿರಿ, ನಾನು ತಡೆಯಲಿಲ್ಲ. ಅಲ್ಲಿ ಆದದ್ದನ್ನು ನನ್ನ ವಾರಗಿತ್ತಿ ಹರಿತಾ ಹೇಳಿದಳು. ಎಲ್ಲರ ಹೆಸರೂ ಮುಗಿದು, ಕೊನೆಗೆ ಅವಳ ಹೆಸರೂ ಕೂಗಿ, ಟಾರ್ಪಾಲು ಖಾಲಿಯಾದ ಮೇಲೂ ನೀವು ಪಾತ್ರೆ ಹಿಡಿದು ನಿಂತೇ ಇದ್ದಿರಂತೆ. ‘ನಿನ್ ಹೆಂಡ್ತಿ ಬೇಡ ಅಂದ್ಲು ಕಣಪ್ಪ’ ಅಂದರಂತೆ ಮಾವ. ಹಿಂದಿನಿಂದ ಯಾರೋ ‘ಇವನ್ಯಾಕ್ ರಾ ನಿಂತವ್ನೆ, ಲೆಕ್ಕದಾಗೇ ಇಲ್ವಲ್ಲ’ ಅಂದು ನಕ್ಕರಂತೆ. ಹರಿತಾ ತನ್ನ ಗುಡ್ಡೆಯಲ್ಲಿ ಅರ್ಧ ಕೊಡಲು ಬಂದರೆ ನೀವು ಪಾತ್ರೆ ಹಿಂದಕ್ಕೆ ಎಳೆದುಕೊಂಡಿರಂತೆ. ಆ ಹೊತ್ತಿಗೆ ಮನೆಯಲ್ಲಿ ನಾನು ದೊಡ್ಡ ಹರಿವಾಣದಲ್ಲಿ ಕಡ್ಡಿಕೋಳಿ ಜೋಡಿಸಿ, ಮಧ್ಯೆ ಗೊಜ್ಜು ಇಟ್ಟು, ಕೊತ್ತಂಬರಿ ಉದುರಿಸಿ, ಹಬ್ಬದ ಹಾಗೇ ಕಾಣಬೇಕು ಅಂತ ಕಾದಿದ್ದೆ. ನೀವು ಹೊಸಿಲ ಮೇಲೆ ಖಾಲಿ ಪಾತ್ರೆ ಇಟ್ಟು, ಹರಿವಾಣ ನೋಡಿ, ‘ಬದುಕಿರೋನ ಗುಡ್ಡೆ ತೆಗ್ಸಿದೆಯಲ್ಲೇ’ ಅಂದಿರಿ. ಅಷ್ಟೇ ಮಾತು. ಚಪ್ಪಲಿಯನ್ನೂ ಕಳಚದೆ ಸ್ಕೂಟರ್ ಹತ್ತಿದಿರಿ. ಚೈತನ್ಯ ಒಂದೆರಡು ಕಡ್ಡಿ ತಿಂದು ಎದ್ದ. ಉಳಿದದ್ದನ್ನೆಲ್ಲ ನಾನೇ ಕೂತು ತಿಂದೆ, ಹಸಿವಾಗಿ ಅಲ್ಲ, ಅಷ್ಟು ಕೆಲಸ ನಾಯಿಗೆ ಹಾಕುವುದಕ್ಕೆ ಮನಸ್ಸು ಬರಲಿಲ್ಲ.

ಊರಿನಲ್ಲಿ ಈಗ ಒಂದೇ ಮಾತು. ಗೌರಿಬಿದನೂರಿನವಳು, ಅಂಗಡಿಯಿಂದ ತೂಕ ಹಾಕಿಸಿಕೊಂಡು ತಿಂದು ಬೆಳೆದವಳು, ಗುಡ್ಡೆಯ ಮರ್ಯಾದೆ ಅವಳಿಗೇನು ಗೊತ್ತು ಅಂತ. ನಿಮ್ಮ ಅಕ್ಕನೂ ಅದನ್ನೇ ಹೇಳುತ್ತಿದ್ದಾರಂತೆ, ನೀವೂ ಹಾಗೇ ಅಂದುಕೊಂಡಿದ್ದೀರೇನೋ. ಗೊತ್ತಿಲ್ಲದೆ ಮಾಡಿದೆ ಅಂದರೆ ನಿಮಗೆ ಕ್ಷಮಿಸುವುದು ಸುಲಭ. ಆದರೆ ನನಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಗೊತ್ತಿತ್ತು ಎಂದು ಹೇಳುತ್ತೇನೆ.

ನಿಮ್ಮ ತಮ್ಮ ಮುರಳಿಮೋಹನ್ ಇದೇ ಎದೆನೋವಿನಲ್ಲಿ ತೀರಿಕೊಂಡ ವರ್ಷದ ಹೊಸತೊಡಕಿಗೆ ಹರಿತಾ ಒಬ್ಬಳೇ ಗುಡ್ಡೆಗೆ ಹೋಗಬೇಕಲ್ಲ ಅಂತ ಜೊತೆಗೆ ನಾನೂ ಹೋಗಿದ್ದೆ. ಗಂಡಸರೆಲ್ಲ ಮುಂದೆ, ನಾವಿಬ್ಬರು ಹಿಂದೆ. ಆವಲಪ್ಪ ಮಾವ ಎಷ್ಟೋ ವರ್ಷದ ಅಭ್ಯಾಸದಲ್ಲಿ ‘ರಮೇಶ್‌ಬಾಬು’ ಅಂದರು, ನೀವು ‘ಓ’ ಅಂದಿರಿ. ಅದೇ ಉಸಿರಿನಲ್ಲಿ ‘ಮುರಳಿಮೋಹನ’ ಅಂತ ಕೂಗಿಬಿಟ್ಟರು. ಯಾರೂ ಓ ಅನ್ನಲಿಲ್ಲ. ಮಾವ ನಾಲಿಗೆ ಕಚ್ಚಿಕೊಂಡರು, ನೀವು ತಲೆ ತಗ್ಗಿಸಿದಿರಿ. ಆಗ ನನ್ನ ಪಕ್ಕದಲ್ಲಿದ್ದ ಹರಿತಾ ‘ಓ’ ಅಂದಳು. ಅಷ್ಟು ಸಣ್ಣ ದನಿ, ನನಗಲ್ಲದೆ ಬೇರೆ ಯಾರಿಗೂ ಕೇಳಿಸಿರಲಾರದು. ಅವಳು ಸ್ಟೀಲ್ ಡಬ್ಬಿ ಹಿಡಿದು ಗಂಡಸರ ನಡುವೆ ನಡೆದುಹೋಗಿ, ಗಂಡನ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ತುಂಬಿಕೊಂಡಳು. ಮುಂದಿನ ವರ್ಷದಿಂದ ಅದು ‘ಹರಿತಮ್ಮನ ಗುಡ್ಡೆ’ ಆಯಿತು. ಅವಳು ಪ್ರತಿ ವರ್ಷ ಹೋಗುತ್ತಾಳೆ, ತಂದದ್ದನ್ನು ತನ್ನ ತವರಿನವರಿಗೆ ಕೊಟ್ಟುಬಿಡುತ್ತಾಳೆ, ಆ ಮನೆಯಲ್ಲಿ ಅದು ಬೇಯುವುದಿಲ್ಲ. ಇದು ನಿಮಗೆ ಗೊತ್ತಿಲ್ಲ. ಸಾರು ಬಡಿಸಿಕೊಂಡವರಿಗೆ ಇಂಥದ್ದೆಲ್ಲ ಗೊತ್ತಾಗುವುದಿಲ್ಲ.

ನಿಮಗೆ ನಾಲ್ಕು ಜನರ ಮುಂದೆ ಅವಮಾನವಾಯಿತು, ಅದು ಸುಳ್ಳಲ್ಲ. ಆದರೆ ನಾನು ಅದಕ್ಕೆ ಕ್ಷಮೆ ಕೇಳುವವಳಲ್ಲ, ಅದಕ್ಕಾಗಿ ಈ ಕಾಗದವೂ ಅಲ್ಲ. ಅವಮಾನ ಆಗುವುದು ಬದುಕಿರುವವರಿಗೆ ಮಾತ್ರ, ಆಗಲಿ ಬಿಡಿ.

ಕಾಗದದ ಜೊತೆ ಚೈತನ್ಯನ ಕೈಲಿ ಒಂದು ಡಬ್ಬಿಯಲ್ಲಿ ಕಡ್ಡಿಕೋಳಿ, ಇನ್ನೊಂದರಲ್ಲಿ ಗೊಜ್ಜು ಕಳಿಸಿದ್ದೇನೆ. ಗೊಜ್ಜು ಗಟ್ಟಿಯಾಗಿದ್ದರೆ ಬಿಸಿನೀರು ಬೆರೆಸಿ, ಉಪ್ಪು ಹಾಕಬೇಡಿ. ನಿಮ್ಮ ಅಕ್ಕನವರಿಗೂ ಕೊಡಿ, ಅವರಿಗೂ ಬಿ.ಪಿ. ಇದೆ, ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಲಿ. ಅವರಿಗೆ ನನ್ನ ನಮಸ್ಕಾರ ತಿಳಿಸಿ, ಮರೆತರೂ ನಷ್ಟವಿಲ್ಲ. ನಿಮ್ಮ ಆಯಸ್ಸು ಗಟ್ಟಿಯಾಗಿರಲಿ ಅಂತ ದಿನಾ ದೀಪ ಹಚ್ಚುವಾಗ ಕೇಳಿಕೊಳ್ಳುತ್ತೇನೆ. ಅದು ಅಭ್ಯಾಸ, ಸಿಟ್ಟಿದ್ದರೂ ಬಿಟ್ಟಿಲ್ಲ.

ಇಂತಿ,
ನೀವು ಕಟ್ಟಿಕೊಂಡವಳು,
ಅನಸೂಯ

ಮತ್ತೆ: ಚೈತನ್ಯ ತನ್ನ ಬೈಕ್ ಸ್ಟಾರ್ಟ್ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನೆ ಆವಲಪ್ಪ ಮಾವ ಬಂದಿದ್ದರು. ಬರುವ ಮಂಗಳವಾರ ಗಂಗಮ್ಮನ ಹಬ್ಬಕ್ಕೆ ಮತ್ತೆ ಗುಡ್ಡೆ ಇಡುತ್ತಾರಂತೆ. ‘ಅವ್ನು ಮನೇಲಿಲ್ಲ, ಮನೆ ಗಂಡ್ಸು ಇಲ್ದಿದ್ರೆ ಹೆಂಗ್ಸಿನ್ ಹೆಸ್ರಲ್ಲೇ ಕೂಗೋದಮ್ಮ ಪದ್ಧತಿ, ಅನಸೂಯಮ್ಮನ್ ಗುಡ್ಡೆ ಅಂತ ಕೂಗ್ಲಾ?’ ಅಂತ ಕೇಳಿದರು. ಅವರು ಸಹಜವಾಗಿಯೇ ಕೇಳಿದರು. ಆ ಮಾತು ಯಾವತ್ತೂ ಕಿವಿಗೆ ಬೀಳಬಾರದು ಅಂತಲೇ ನಾನು ಆವತ್ತು ಗುಡ್ಡೆ ತೆಗೆಸಿದ್ದು. ಬೇಡ ಮಾವ, ಅವರ ಹೆಸರಲ್ಲೇ ಇಡಿ, ಅವರ ಹೆಸರೇ ಕೂಗಿ ಅಂದಿದ್ದೇನೆ. ನೀವು ಬಾಡು ಮನೆಗೆ ತರುವುದು ಬೇಡ, ಅಲ್ಲೇ ಯಾರಿಗಾದರೂ ಕೊಟ್ಟುಬಿಡಿ. ಕಡ್ಡಿಕೋಳಿ ತಿನ್ನುತ್ತೀರೋ ಬಿಡುತ್ತೀರೋ ಆಮೇಲೆ ಜಗಳ ಆಡೋಣ. ಹೊಂಗೆಮರದ ಕೆಳಗೆ ಮಂಗಳವಾರ ನಿಮ್ಮ ಹೆಸರು ಕೂಗುತ್ತಾರೆ. ಬಂದು ನೀವೇ ಓ ಅನ್ನಿ. ನಾನು ಅನ್ನುವುದಿಲ್ಲ.